ಸಾರಥಿ ಇಲ್ಲದ ಚಂದ್ರಲೋಕ

ಜಂಬ ಕೊಚ್ಚಿಕೊಳ್ಳಬಾರದು ಅಂತ ಮಕ್ಕಳಿಗೆ ವರ್ಷವೆಲ್ಲ ಹೇಳುವವಳು ನಾನು. ಇವತ್ತೊಂದು ದಿನ ನನ್ನನ್ನು ಯಾರೂ ತಡೆಯಬೇಡಿ. ನಮ್ಮಪ್ಪ ಚಂದ್ರನ ಮೇಲೆ ಉಸಿರಾಡಿದ್ದಾನೆ. ನಾನು ವಿಜ್ಞಾನದ ಟೀಚರು. ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಮನೆ, ಕುರುಗೋಡಿನ ಹೈಸ್ಕೂಲೊಂದರಲ್ಲಿ ಕೆಲಸ. ಗಾಳಿ ಇಲ್ಲದ ಕಡೆ ಉಸಿರಾಡಲು ಬರುವುದಿಲ್ಲ ಎಂಬುದು ನನಗೂ ಗೊತ್ತು. ಆದರೂ ಹೇಳುತ್ತಿದ್ದೇನೆ ಅಂದಮೇಲೆ ಪೂರ್ತಿ ಕೇಳಿ, ಆಮೇಲೆ ನಗಿ.

ನಮ್ಮೂರು ಸಿರುಗುಪ್ಪದಿಂದ ಸ್ವಲ್ಪ ಒಳಗೆ. ಅಪ್ಪ ಅಲ್ಲಿನ ರೈಸ್ ಮಿಲ್ಲಿನಲ್ಲಿ ಹಮಾಲಿ, ಊರ ಬಯಲಾಟದಲ್ಲಿ ಸಾರಥಿ. ಬಯಲಾಟ ನೋಡದವರಿಗಾಗಿ ಹೇಳುತ್ತೇನೆ. ಅಲ್ಲಿ ಎಂಥ ರಾಜನೇ ರಂಗಕ್ಕೆ ಬರಲಿ, ತಾನಾಗಿ ಕಥೆ ಶುರು ಮಾಡುವ ಹಾಗಿಲ್ಲ. ಸಾರಥಿ ಎದುರಿಗೆ ನಿಂತು ತಾವು ಯಾರು, ಯಾವ ಊರು, ಹೆಸರೇನು ಅಂತ ಕೇಳಬೇಕು. ಆಗ ರಾಜ ತನ್ನ ಪ್ರತಾಪ ಹೇಳಿಕೊಳ್ಳಬೇಕು. ಕೇಳುವ ಮಾತೂ ಸಣ್ಣದಲ್ಲ, ಸಭೆಯನ್ನು ಹೊಗಳಿ, ಬಂದವನನ್ನು ಹೊಗಳಿ, ಕೊನೆಗೆ ಪ್ರಶ್ನೆ. ಅದಿಷ್ಟನ್ನೂ ಅಪ್ಪ ಒಂದೇ ಉಸಿರಿಗೆ ಹೇಳುತ್ತಿದ್ದ. ಮೂವತ್ತು ವರ್ಷ ಹೇಳಿದ. ಆ ಒಂದು ಉಸಿರು ಕೇಳಲೆಂದೇ ಪಕ್ಕದ ಊರುಗಳಿಂದ ಜನ ಬರುತ್ತಿದ್ದರು.

ನಾನು ಹುಡುಗಿಯಾಗಿದ್ದಾಗ ಮಿಲ್ಲಿನ ಸಾಹುಕಾರರ ಮನೆಯಲ್ಲಿ ಟಿವಿ ಇತ್ತು. ಭಾನುವಾರ ಬೆಳಿಗ್ಗೆ ಆಕಾಶನೌಕೆಯ ಧಾರಾವಾಹಿಯೊಂದು ಬರುತ್ತಿತ್ತು. ಹಿಂದಿ ಅರ್ಧ ತಿಳಿಯುತ್ತಿತ್ತು, ಅರ್ಧ ಇಲ್ಲ. ಗೋಡೆ ತುಂಬ ಮಿಣಮಿಣ ಬಲ್ಬು, ತಾನಾಗಿ ಸರಿಯುವ ಬಾಗಿಲು, ಬಿಗಿ ಅಂಗಿ ತೊಟ್ಟ ಗಂಭೀರ ಜನ. ನಾನು ನೆಲದ ಮೇಲೆ ಕೂತು ಕಣ್ಣು ಮಿಟುಕಿಸದೆ ನೋಡುತ್ತಿದ್ದೆ. ಕರೆದುಕೊಂಡು ಹೋಗಲು ಬಂದ ಅಪ್ಪ ಬಾಗಿಲಲ್ಲೇ ನಿಂತು ಒಂದು ಗಳಿಗೆ ನೋಡಿದ.

"ಬಾಗ್ಲಾ ತಾನ ತೆರಕೊಂತೈತಿ. ಒಳಗ ಬಂದೋರು ಯಾರು ಅಂತ ಒಬ್ಬರರ ಕೇಳಿದರೇನು? ಇದೆಂಥಾ ಆಟಲೇ!"

ಎಲ್ಲರೂ ನಕ್ಕರು. ನನಗೆ ಅಳು ಬಂತು. ಇವನಿಗೆ ಏನು ಗೊತ್ತು, ಮಿಲ್ಲಿನ ಹಮಾಲಿ, ಅಂದುಕೊಂಡೆ. ಹಾಗೆ ಅಂದುಕೊಂಡದ್ದನ್ನು ಈಗ ಬರೆಯಲು ನಾಚಿಕೆಯಾಗುತ್ತದೆ, ಆದರೆ ಅಂದುಕೊಂಡದ್ದು ನಿಜ. ನಾನು ವಿಜ್ಞಾನ ಓದಿದ್ದು ಆ ಮಿಣಮಿಣ ಬಲ್ಬುಗಳಿಂದ ಅನ್ನುವುದೂ ನಿಜ. ಓದಿಸಿದ್ದು ಮಾತ್ರ ಅಪ್ಪನ ಬೆನ್ನಿನ ಮೂಟೆಗಳು.

ಆ ಮಿಲ್ಲಿನ ಹೊಟ್ಟು, ತೌಡಿನ ದೂಳು ಅಪ್ಪನ ಎದೆಯೊಳಗೆ ಹೋಗಿ ಕೂತಿತು. ಮೊದಲು ಕೆಮ್ಮು, ಆಮೇಲೆ ದಮ್ಮು. ಒಂದು ವರ್ಷ ಆಟದಲ್ಲಿ, ಬೆಳಕು ಹರಿಯುವ ಹೊತ್ತಿಗೆ, ಕೊನೆಯ ರಾಜನನ್ನು ಕೇಳುವಾಗ ಮಾತು ಅರ್ಧಕ್ಕೆ ನಿಂತಿತು. ಹಾರ್ಮೋನಿಯಂ ಪೇಟಿಯ ಮಾಸ್ತರರು ನುಡಿಸುತ್ತಲೇ ಇದ್ದರು, ಉಸಿರು ತಿರುಗಿ ಬರಲಿಲ್ಲ. ಯಾರಾದರೂ ನಕ್ಕಿದ್ದರೆ ಅಪ್ಪ ಜಗಳವಾಡಿ ಮರೆತುಬಿಡುತ್ತಿದ್ದ, ಯಾರೂ ನಗಲಿಲ್ಲ. ತಲೆಯ ರುಮಾಲು ಬಿಚ್ಚಿ, ಅದೇ ಮಿಲ್ಲಿನಲ್ಲಿ ಲಾರಿ ಓಡಿಸುತ್ತಿದ್ದ ಒಬ್ಬ ತರುಣನ ಕೈಗೆ ಕೊಟ್ಟು ಇಳಿದು ಬಂದ. ಅವನೇ ಈಗಲೂ ಅಲ್ಲಿ ಸಾರಥಿ.

ಅಂದಿನಿಂದ ಅಪ್ಪ ಬಯಲಾಟದ ಕಡೆ ಮುಖ ಹಾಕಲಿಲ್ಲ. ದವಾಖಾನೆಗೆ ಹತ್ತಿರವಾಗಲಿ ಅಂತ ಬಳ್ಳಾರಿಗೆ ಕರೆತಂದೆ. ಔಷಧಿ, ಬಾಯಿಗಿಟ್ಟು ಎಳೆದುಕೊಳ್ಳುವ ಪಂಪು ಎಲ್ಲ ಆಯಿತು, ಎದೆ ಸ್ವಲ್ಪ ಹಗುರಾಯಿತು. ಆದರೆ ಮಾತು ಹೋಗಿಬಿಟ್ಟಿತ್ತು. ಎರಡು ಮಾತಾಡಿದರೆ ನಡುವೆ 'ಸುಂಯ್' ಅನ್ನುತ್ತದಲ್ಲ, ಆ ಸದ್ದು ಯಾರಿಗೂ ಕೇಳಬಾರದು ಅಂತ ಟವೆಲ್ಲಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದ. ಮನೆಗೆ ನೆಂಟರು ಬಂದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದ. ಅಷ್ಟು ದೊಡ್ಡ ಕಂಠ ಒಂದು ಟವೆಲ್ಲಿನ ಹಿಂದೆ ಅಡಗಿ ಕೂತದ್ದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ಅಪ್ಪ ನಾಲ್ಕು ಜನರೆದುರು ಮತ್ತೆ ಬಾಯಿ ಬಿಡಬೇಕು. ನನಗೆ ಬೇಕಿದ್ದದ್ದು ಅಷ್ಟೇ.

ಇನ್ನು ಚಂದ್ರನ ಕಡೆ ಬರುತ್ತೇನೆ. ನಮ್ಮ ದೇಶದ ನೌಕೆ ಚಂದ್ರನ ದಕ್ಷಿಣದ ತುದಿಯ ಹತ್ತಿರ ಇಳಿದ ಆ ಸಂಜೆ ಮಕ್ಕಳನ್ನೆಲ್ಲ ಶಾಲೆಯಲ್ಲೇ ಉಳಿಸಿಕೊಂಡಿದ್ದೆ. ಟಿವಿಯಲ್ಲಿ ನೌಕೆಯ ದಾರಿ ತೋರಿಸುವ ಗೆರೆ ಕೆಳಗಿಳಿಯುತ್ತಿತ್ತು. ಹುಡುಗಿಯೊಬ್ಬಳು ನನ್ನ ಸೆರಗು ಹಿಡಿದಿದ್ದಳು. ಇಳಿಯಿತು ಅಂದ ಕೂಡಲೆ ಹಾರಿದಳು, ಸೆರಗು ಪರ್ರನೆ ಹರಿಯಿತು. ನಾನೂ ಹಾರಿದ್ದೆ, ಆದ್ದರಿಂದ ಬೈಯಲಿಲ್ಲ. ಆ ಹರಿದ ಸೀರೆ ಇನ್ನೂ ಇಟ್ಟುಕೊಂಡಿದ್ದೇನೆ.

ಮಾರನೆಯ ದಿನ ಒಂಬತ್ತನೇ ಕ್ಲಾಸಿನ ಐದು ಹುಡುಗಿಯರು ಬಂದು ನಿಂತರು. "ಮೇಡಂ, ನಾವೂ ಹೋಗೂಣ್ರಿ."

"ಎಲ್ಲಿಗೆ?"

"ಚಂದ್ರನ ಮ್ಯಾಲಕ್ರಿ."

ಬಸ್ಸಿನ ವ್ಯವಸ್ಥೆ ಇರಲಿಲ್ಲ, ರೇಡಿಯೋ ಇತ್ತು. ಬಳ್ಳಾರಿಯ ರೇಡಿಯೋದವರು ಶಾಲೆ ಮಕ್ಕಳ ನಾಟಕಗಳನ್ನು ಪ್ರಸಾರ ಮಾಡುತ್ತೇವೆ ಅಂದಿದ್ದರು. ಸ್ಟೇಜಿನ ಮೇಲೆ ರಾಕೆಟ್ ಕಟ್ಟಲು ನಮ್ಮಲ್ಲಿ ಏನೂ ಇಲ್ಲ, ಕಿವಿಯೊಳಗೆ ಕಟ್ಟಲು ಏನು ಬೇಕು? ಕುರುಗೋಡಿನ ಹುಡುಗಿಯೊಬ್ಬಳು ಚಂದ್ರನ ಮೇಲೆ ಕಾಲಿಡುವ ಕಥೆ. ಮಕ್ಕಳೇ ಬರೆದರು. ರಾಕೆಟ್ ಏಳುವ ಸದ್ದಿಗೆ ಬಳ್ಳಾರಿಯಲ್ಲಿ ಜೀನ್ಸ್ ಬಟ್ಟೆ ಒಗೆಯುವ ದೊಡ್ಡ ಡ್ರಮ್ಮಿನ ಗಡಗಡ, ನೌಕೆಯ ಬಾಗಿಲಿಗೆ ಸರ್ಕಾರಿ ಬಸ್ಸಿನ ಬಾಗಿಲಿನ 'ಬುಸ್ಸ್'. ಎಲ್ಲವನ್ನೂ ಫೋನಿನಲ್ಲಿ ಹಿಡಿದು ತಂದರು. ಕೇಳಿದರೆ ಮೈ ಜುಮ್ಮೆನ್ನುತ್ತಿತ್ತು.

ತಾಲೀಮನ್ನು ರೆಕಾರ್ಡ್ ಮಾಡಿಕೊಂಡು ಮನೆಯಲ್ಲಿ ಕೇಳುತ್ತಿದ್ದೆ. ಹಿತ್ತಲಿನ ಬಾಗಿಲಲ್ಲಿ ಕೂತ ಅಪ್ಪ ಟವೆಲ್ಲು ಸರಿಸಿದ.

"ಯಾರು ಬಂದ್ರು, ಯಾರು ಹೋದ್ರು, ಒಂದೂ ತಿಳಿವಲ್ದು. ನಿನ್ನ ಚಂದ್ರಲೋಕದಾಗ ಸಾರಥಿ ಇಲ್ಲೇನು ಯವ್ವಾ?"

ಮೂವತ್ತೈದು ವರ್ಷದ ಹಿಂದೆ ಸಾಹುಕಾರರ ಬಾಗಿಲಲ್ಲಿ ಹೇಳಿದ ಮಾತೇ ಅದು. ಈ ಸಲ ನನಗೆ ಅಳು ಬರಲಿಲ್ಲ, ಬುದ್ಧಿ ಬಂತು. ಕಣ್ಣಿಗೆ ಕಾಣದ ನಾಟಕದಲ್ಲಿ ಬಂದವರು ಯಾರು ಅಂತ ಕೇಳುವವನು ಬೇಡವೇ? ನಮ್ಮ ಹಿರಿಯರು ಇದನ್ನು ಯಾವಾಗಲೋ ಕಂಡುಕೊಂಡು ಇಟ್ಟಿದ್ದಾರೆ.

ಮುಂದಿನ ಭಾನುವಾರಗಳಲ್ಲಿ ಐವರೂ ಸಾರಥಿಯ ಮಾತು ಕಲಿಯಲು ಬಸ್ಸು ಹತ್ತಿ ನಮ್ಮ ಮನೆಗೆ ಬಂದರು. ಒಗ್ಗಾಣಿ, ಮಿರ್ಚಿ ತಿನ್ನುವುದು, ಅಪ್ಪನ ಮುಂದೆ ಸಾಲಾಗಿ ಕೂರುವುದು. ಅಪ್ಪ ಮಾತಿಗಿಂತ ಕೈಸನ್ನೆಯಲ್ಲೇ ಹೆಚ್ಚು ಕಲಿಸಿದ. ಅವರಲ್ಲಿ ಗಟ್ಟಿ ಗಂಟಲಿನವಳೊಬ್ಬಳು ಸಾರಥಿಯಾದಳು. ಅದಕ್ಕೆ ಮೊದಲು "ತಾತಾ, ನೀವ ಆಗ್ರಿ" ಅಂತ ಮಕ್ಕಳು ಗಂಟುಬಿದ್ದಿದ್ದರು. ಅಪ್ಪ "ಒಲ್ಲೆ" ಅಂದ. ನಾನೂ ಕೇಳಿದೆ, ಅತ್ತುಬಿಟ್ಟೆ, ಗದರಿದೆ. "ಒಲ್ಲೆ ಅಂದೆನಲ್ಲ" ಅಂದು ಟವೆಲ್ಲು ಮೇಲೆತ್ತಿದ. ನಾನು ಹಠಮಾರಿ ಅಂತ ಶಾಲೆಯಲ್ಲಿ ಹೆಸರು. ಅದು ಎಲ್ಲಿಂದ ಬಂತೆಂದು ಬೇರೆ ಹೇಳಬೇಕಿಲ್ಲ, ನೂಲಿನಂತೆ ಸೀರೆ.

ನನ್ನ ಹಠ ಇನ್ನೊಂದು ಕಡೆ ಕೆಲಸ ಕೆಡಿಸುತ್ತಿತ್ತು. ಕಥೆಯಲ್ಲಿ ಹುಡುಗಿ ಏಣಿ ಇಳಿದು ಚಂದ್ರನ ಮಣ್ಣಿನ ಮೇಲೆ ನಿಲ್ಲುತ್ತಾಳೆ. ಅಲ್ಲಿ ಗಾಳಿ ಇಲ್ಲ, ಗಾಳಿ ಇಲ್ಲದ ಕಡೆ ಸದ್ದಿಲ್ಲ. ಆದ್ದರಿಂದ ಆ ಒಂದು ನಿಮಿಷ ಏನೂ ಕೇಳಿಸಕೂಡದು ಅಂದೆ. ರೇಡಿಯೋದ ಕಾರ್ಯಕ್ರಮ ನೋಡಿಕೊಳ್ಳುವವರು ತಲೆಯ ಮೇಲೆ ಕೈಹೊತ್ತರು.

"ಮೇಡಂ, ರೇಡಿಯೋದಾಗ ಒಂದು ನಿಮಿಷ ಸದ್ದಿಲ್ಲಂದ್ರ ಜನ ಕರೆಂಟ್ ಹೋತು ಅಂತಾರ. ಒಂದೀಟು ಸಂಗೀತ ಹಾಕ್ರಿ."

"ಚಂದ್ರನ ಮೇಲೆ ಪೇಟಿ ನುಡಿಸೋರು ಯಾರ್ರಿ?" ಅಂದೆ. ಅವರು ಹೇಳಿದ್ದು ಸರಿ, ನಾನು ಹೇಳಿದ್ದೂ ಸರಿ. ಎರಡು ಸರಿಗಳ ನಡುವೆ ನಾಟಕ ಸಿಕ್ಕಿಹಾಕಿಕೊಂಡಿತು.

ರೆಕಾರ್ಡಿಂಗು ಒಂದು ಶನಿವಾರ ಮಧ್ಯಾಹ್ನ ಶಾಲೆಯಲ್ಲೇ ಇಟ್ಟುಕೊಂಡೆವು. ಕೋಣೆ ಗುಂಯ್ಗುಡಬಾರದು ಅಂತ ಗೋಡೆಗೆಲ್ಲ ಜೀನ್ಸ್ ಬಟ್ಟೆಯ ತುಂಡು ಇಳಿಬಿಟ್ಟಿದ್ದೆವು. ಹೊಲಿಗೆ ಕೆಲಸಕ್ಕೆ ಹೋಗುವ ತಾಯಂದಿರು ಚೀಲಗಟ್ಟಲೆ ಕಳಿಸಿದ್ದರು. ಮಕ್ಕಳ ಒತ್ತಾಯಕ್ಕೆ ಅಪ್ಪನೂ ಬಂದಿದ್ದ, ಮೂಲೆಯ ಸ್ಟೂಲಿನ ಮೇಲೆ ಬಾಯಿಗೆ ಟವೆಲ್ಲು ಒತ್ತಿ ಕೂತಿದ್ದ. ಮಾತೆಲ್ಲ ಚೆಂದವಾಗಿ ಮುಗಿಯಿತು. ಚಂದ್ರನ ನಿಮಿಷ ಉಳಿಯಿತು. ಸುಮ್ಮನಿರುವುದನ್ನೂ ರೆಕಾರ್ಡ್ ಮಾಡಿಯೇ ತೀರುತ್ತೇನೆ ಅಂತ ನಾನು ಬೆರಳೆತ್ತಿದೆ. ಮೈಕು ಚಾಲೂ ಇತ್ತು. ಯಾರೂ ಮಿಸುಕಲಿಲ್ಲ.

ಆಮೇಲೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳುತ್ತಿದ್ದ ಹುಡುಗಿ ಕಣ್ಣರಳಿಸಿ ನನ್ನ ಕಡೆ ನೋಡಿದಳು.

"ಮೇಡಂ, ಚಂದ್ರನ ಮ್ಯಾಲೆ ಯಾರೋ ಅದಾರ್ರಿ."

ನಾನು ಕೇಳಿದೆ. ಮೊದಲು ಏನೂ ಇಲ್ಲ. ಆಮೇಲೆ, ದೂರದಲ್ಲಿ, ಸುಂಯ್ ಅಂತ ಒಂದು ಉಸಿರು ಒಳಗೆ ಹೋಯಿತು. ಎಲ್ಲೋ ತಡವರಿಸಿತು. ಕಷ್ಟಪಟ್ಟು ಹೊರಗೆ ಬಂತು. ಮತ್ತೊಂದು. ಟವೆಲ್ಲನ್ನು ದಾಟಿ ಬಂದಿತ್ತು ಅದು.

"ಅಳಿಸಿಬಿಡು, ಇನ್ನೊಮ್ಮೆ ಮಾಡೋಣ" ಅಂದೆ. ಬೇಗ ಅಂದೆ. ನನ್ನ ಬೇಗದಲ್ಲೇ ಅಪ್ಪನಿಗೆ ಎಲ್ಲ ತಿಳಿದುಹೋಯಿತು. ಅವನ ಮುಖ ಸಣ್ಣದಾದದ್ದನ್ನು ನೋಡಿ ನನ್ನ ನಾಲಿಗೆ ಕಚ್ಚಿಕೊಂಡೆ. ಅಪ್ಪ ಎದ್ದು ಬಂದು ಕೈಚಾಚಿದ. ಹೆಡ್‌ಫೋನ್ ಕೊಡದೆ ವಿಧಿಯಿರಲಿಲ್ಲ. ಕಣ್ಣು ಮುಚ್ಚಿ ಕೇಳಿದ. ಮತ್ತೊಮ್ಮೆ ಹಾಕು ಅಂತ ಕೈ ಮಾಡಿದ. ಎರಡನೇ ಸಲವೂ ಪೂರ್ತಿ ಕೇಳಿದ.

"ನನ್ನ ಎದಿಯಾಗ ಇಷ್ಟು ಸದ್ದೈತೇನು?"

ಸಾರಥಿಯಾದ ಹುಡುಗಿಯೇ ಹೇಳಿದಳು. "ತಾತಾ, ಚಂದ್ರನ ಮ್ಯಾಲೆ ಹೊರಗ ಸದ್ದಿಲ್ರಿ. ಆದ್ರ ಹೆಲ್ಮೆಟ್ ಒಳಗ ಗಾಳಿ ಇರತೈತಿ. ಅಕಿ ಉಸಿರು ಅಕಿಗೆ ಕೇಳಸತೈತ್ರಿ. ಇದ ಅದು."

ಇಪ್ಪತ್ತು ವರ್ಷ ಪಾಠ ಮಾಡಿದ ನನಗೆ ಆ ಮಾತು ಹೊಳೆದಿರಲಿಲ್ಲ. ಅಪ್ಪ ಟವೆಲ್ಲನ್ನು ಮಡಿಚಿ ಸ್ಟೂಲಿನ ಮೇಲಿಟ್ಟ. ಮೈಕಿನ ಮುಂದೆ ಬಂದು ನಿಂತ.

"ಅಕಿ ಈಗ ಎಲ್ಲಿ ಅದಾಳ? ಏಣಿ ಇಳಿಯಾಕತ್ಯಾಳೋ, ಇಳಿದು ನಿಂತಾಳೋ?"

ಪಾತ್ರ ಎಲ್ಲಿ ನಿಂತಿದೆ ಅಂತ ಕಲಾವಿದ ಮಾತ್ರ ಕೇಳುತ್ತಾನೆ.

"ಇಳಿಯಾಕತ್ಯಾಳ್ರಿ. ಆದ್ರ ಅಕಿ ಹುಡುಗಿ, ನೀವು..." ಅಂತ ಒಬ್ಬಳು ಅನುಮಾನಿಸಿದಳು.

"ಬಯಲಾಟದಾಗ ಮೀಸಿ ಬೋಳಿಸಿದೋರು ರಾಣಿ ಆಗ್ತಾರ. ಉಸಿರಿಗೆ ಮೀಸಿ ಎಲ್ಲೈತಿ? ಹಚ್ಚು ನಿನ್ನ ಮಿಷನ್ನು."

ಮತ್ತೆ ಬೆರಳೆತ್ತಿದೆ. ಅಪ್ಪ ಏಣಿ ಇಳಿದ. ಒಂದೊಂದು ಮೆಟ್ಟಿಲಿಗೆ ಒಂದೊಂದು ಉಸಿರು, ಭಾರದ್ದು, ಮೂಟೆ ಹೊತ್ತವನದ್ದು. ಕೊನೆಯ ಮೆಟ್ಟಿಲಲ್ಲಿ ಉಸಿರು ಹಿಡಿದ. ಅವನ ಕಾಲು ನೆಲಕ್ಕೆ ತಾಗಿದ್ದು ಸದ್ದಿಲ್ಲದೆಯೂ ನಮಗೆ ಗೊತ್ತಾಯಿತು. ಆಮೇಲೆ ಕತ್ತೆತ್ತಿದ. ಅಲ್ಲಿ ದೂರದಲ್ಲಿ ನೀಲಿ ಭೂಮಿ ಕಂಡಿರಬೇಕು, ಉಸಿರು ನಡುಗುತ್ತ ನಿಧಾನ ಹೊರಗೆ ಬಂತು. ದಮ್ಮು ಇತ್ತು, ಸುಂಯ್ ಇತ್ತು, ಎಲ್ಲವೂ ಇತ್ತು. ಅದರ ಮೇಲೆ ಅಪ್ಪ ಸವಾರಿ ಮಾಡುತ್ತಿದ್ದ. ರೇಡಿಯೋದವರು ಅದನ್ನು ಕೇಳಿ "ಸಂಗೀತ ಬ್ಯಾಡ ಬಿಡ್ರಿ" ಅಂದರು.

ಪ್ರಸಾರ ಒಂದು ಭಾನುವಾರ ಬೆಳಿಗ್ಗೆ. ಮನೆಯಲ್ಲೇ ಕೇಳೋಣ ಅಂತ ನಾನು. ಅಪ್ಪ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. "ಸಿರುಗುಪ್ಪದ ಬಸ್ಸು ಎಷ್ಟೊತ್ತಿಗೈತಿ?"

ಊರಿನ ಮಿಲ್ಲಿನ ಅಂಗಳದಲ್ಲಿ ಭತ್ತ ಒಣಹಾಕಿದ್ದರು. ರುಮಾಲು ಪಡೆದಿದ್ದ ಆ ಲಾರಿ ಡ್ರೈವರು, ಈಗ ಅವನಿಗೂ ತಲೆ ನರೆತಿದೆ, ಬಯಲಾಟದ ಮೈಕ್ ಸೆಟ್ಟನ್ನೇ ತಂದು ಫೋನಿಗೆ ಜೋಡಿಸಿದ. ಜನ ಬೇವಿನ ಮರದ ಕೆಳಗೆ ಸೇರಿದರು. ಹುಡುಗಿ ಸಾರಥಿ ಮೊದಲ ಪ್ರಶ್ನೆ ಕೇಳಿದ ಕೂಡಲೆ "ಭಲೇ!" ಅಂದರು. ಚಂದ್ರನ ನಿಮಿಷ ಬಂತು. ಅಪ್ಪನ ಉಸಿರು ಅಂಗಳದ ತುಂಬ ಹರಡಿತು. ಭತ್ತದಲ್ಲಿ ಕೈಯಾಡಿಸುತ್ತಿದ್ದ ಹೆಂಗಸರು ನಿಂತಲ್ಲೇ ನಿಂತರು. ಆ ಉಸಿರು ಅಲ್ಲಿದ್ದವರಿಗೆಲ್ಲ ಗುರುತಿನದು. ಅದು ಅವರ ಮನೆಗಳಲ್ಲೂ ಇತ್ತು.

ನಾಟಕ ಮುಗಿದು ಹೆಸರು ಹೇಳಿದರು. ಐವರು ಹುಡುಗಿಯರದು, ನನ್ನದು. ಕೊನೆಗೆ "ಉಸಿರು" ಅಂತ ಹೇಳಿ ಅಪ್ಪನ ಹೆಸರು. ಚಪ್ಪಾಳೆ ಬೀಳುವ ಮೊದಲೇ ಆ ಡ್ರೈವರು ಎದ್ದ. ಹೆಗಲ ಮೇಲಿನ ವಸ್ತ್ರವನ್ನು ರುಮಾಲಿನಂತೆ ಸುತ್ತಿಕೊಂಡ. ಅಪ್ಪನ ಎದುರಿಗೆ ಬಂದು ನೆಲಕ್ಕೆ ಕಾಲು ಅಪ್ಪಳಿಸಿದ.

"ಭಲಾ! ಚಂದ್ರಲೋಕದಿಂದ ಈ ಸಭಾಸ್ಥಾನಕ್ಕೆ ದಯಮಾಡಿಸಿದಂಥ ತಾವು ದಾರು? ತಮ್ಮ ಸ್ಥಳವಾವುದು, ನಾಮಾಂಕಿತವೇನು? ಬಿತ್ತರಿಸುವಂಥವರಾಗಿರಿ!"

ಮೂವತ್ತು ವರ್ಷ ಬಂದವರನ್ನೆಲ್ಲ ಕೇಳಿದ ಅಪ್ಪನನ್ನು ನೀನು ಯಾರು ಅಂತ ಯಾರೂ ಕೇಳಿರಲಿಲ್ಲ. ಸಾರಥಿಯನ್ನು ಕೇಳುವ ಪದ್ಧತಿಯೇ ಇಲ್ಲ. ಅಪ್ಪ ಎದ್ದು ನಿಂತ. ಚೀಲದಲ್ಲಿದ್ದ ಪಂಪಿನ ಕಡೆ ನನ್ನ ಕೈ ಹೋಯಿತು, ಹಿಂದಕ್ಕೆ ತೆಗೆದುಕೊಂಡೆ.

"ಕೇಳುವಂಥವನಾಗೈ ಸಾರಥೀ!" ಅಂದ. ನಿಂತ. ಸುಂಯ್ ಅಂತ ಎಳೆದುಕೊಂಡ. "ತುಂಗಭದ್ರೆಯ ತೀರದ ಈ ಸೀಮೆಯೊಳು, ಇದೇ ಮಿಲ್ಲಿನೊಳು ಮೂಟೆ ಹೊತ್ತು," ಮತ್ತೆ ನಿಂತ. ಅಂಗಳದಲ್ಲಿ ಯಾರೂ ಕೆಮ್ಮಲಿಲ್ಲ. "ಮಗಳ ಬೆನ್ನು ಹತ್ತಿ ಚಂದ್ರಲೋಕಕ್ಕೆ ಹೋಗಿ, ಉಸಿರಾಡಿ ಬಂದಂಥವನು!" ಅಂದು, ಇನ್ನೊಮ್ಮೆ ಉಸಿರು ತುಂಬಿಕೊಂಡು, ತನ್ನ ಹೆಸರನ್ನು ಊರಿಗೆಲ್ಲ ಕೇಳುವಂತೆ ಕೂಗಿ ಹೇಳಿದ.

ಒಂದೇ ಉಸಿರಿಗೆ ಹೇಳುವ ಮಾತನ್ನು ಅಪ್ಪ ನಾಲ್ಕು ಉಸಿರಿಗೆ ಹೇಳಿದ. ನಡುವಿನ ಸದ್ದನ್ನು ಮುಚ್ಚಲು ಟವೆಲ್ಲಿಗೆ ಕೈ ಹಾಕಲಿಲ್ಲ. ಹಾಕಿದ್ದರೂ ಸಿಗುತ್ತಿರಲಿಲ್ಲ. ಟವೆಲ್ಲು ನನ್ನ ಹತ್ತಿರ ಇತ್ತು, ನಾನು ಅದರಲ್ಲಿ ಮುಖ ಒರೆಸಿಕೊಳ್ಳುತ್ತಿದ್ದೆ.