ವಖಾರಿಗೆ ಸೂಟಿ ಇದ್ದ ದಿನ

ನಿಪ್ಪಾಣಿಯಲ್ಲಿ ಯಾರಾದರೂ ಕೆಮ್ಮಿದರೆ ಯಾರೂ ತಿರುಗಿ ನೋಡುವುದಿಲ್ಲ. ನಮ್ಮ ಕಾಲೇಜಿನ ಗೋಡೆಗೆ ಅಂಟಿಕೊಂಡೇ ತಂಬಾಕಿನ ವಖಾರಿ ಇತ್ತು. ಅಲ್ಲಿ ಹೆಂಗಸರು ತಂಬಾಕು ಜರಡಿ ಹಿಡಿಯತೊಡಗಿದರೆ ಘಾಟು ಗೋಡೆ ದಾಟಿ ತರಗತಿಗೂ ಹಾಸ್ಟೆಲಿಗೂ ಬರುತ್ತಿತ್ತು. ಪಾಠ ಹೇಳುವವರು, ಕೇಳುವವರು, ಗಂಟೆ ಹೊಡೆಯುವ ಸಿಪಾಯಿ, ಎಲ್ಲರೂ ಕೆಮ್ಮುತ್ತಿದ್ದರು. ಪಕ್ಕದವರು ಒಂದು ಚೂರು ಬೆಲ್ಲ ಕೊಡುತ್ತಿದ್ದರು. ಅಲ್ಲಿಗೆ ಮುಗಿಯಿತು.

ಹಂದಿಜ್ವರ ಬಂದ ವರ್ಷ ಈ ರೂಢಿಯೇ ನಮಗೆ ಮುಳುವಾಯಿತು. ಪುಣೆಯಿಂದ ದಿನವೂ ಬಸ್ಸು ಬರುವ ಊರು ನಮ್ಮದು. ಹೆದರಿದ ಕಾಲೇಜಿನವರು ಮುಂಬಾಗಿಲಲ್ಲಿ ಟೇಬಲ್ ಹಾಕಿಸಿ ದವಾಖಾನೆಯ ನರ್ಸನ್ನು ಕೂರಿಸಿದರು. ಜ್ವರ, ಕೆಮ್ಮು ಎಂದವರನ್ನೆಲ್ಲ ಒಂದೇ ಹಾಲಿನಲ್ಲಿ ಒತ್ತೊತ್ತಾಗಿ ಕೂರಿಸಿ, ಡಾಕ್ಟರು ಬಂದ ಮೇಲೆ ಪರೀಕ್ಷೆಗೆ ಗಂಟಲ ದ್ರವ ತೆಗೆಯುತ್ತಿದ್ದರು. ಅಲ್ಲಿಗೆ ಹೋಗಲು ಇಡೀ ಅಂಗಳ ದಾಟಬೇಕು. ಕಟ್ಟೆಯ ಮೇಲೆ ಕೂತ ಹುಡುಗರು, "ಹೊಂಟ್ಲು ನೋಡ್ರಲೇ, ಹಂದಿ ಗೂಡಿಗೆ!" ಎಂದು ಕೂಗುತ್ತಿದ್ದರು.

ಹಾಗಾಗಿ ಯಾರನ್ನು ಕೇಳಿದರೂ ಉತ್ತರ ಒಂದೇ: "ಘಾಟ್ರಿ ಅಕ್ಕಾರ." ನರ್ಸಿಗೂ ನಂಬದೆ ದಾರಿಯಿರಲಿಲ್ಲ. ಸೆರಗು ಮೂಗಿಗೆ ಹಿಡಿದು ಅವರೂ ಕೆಮ್ಮುತ್ತಿದ್ದರು.

ಹಾಸ್ಟೆಲಿನಲ್ಲಿ ನನ್ನ ಕೋಣೆಯ ಗೆಳತಿ ಹತ್ತಿರದ ಭೋಜ ಎಂಬ ಊರಿನವಳು. ಅವಳ ಅವ್ವ ಅದೇ ವಖಾರಿಯಲ್ಲಿ ಜರಡಿ ಹಿಡಿಯುತ್ತಿದ್ದಳು. ಗೆಳತಿಗೆ ಕೆಮ್ಮು ಶುರುವಾದಾಗ ನಾವೆಲ್ಲ ನಕ್ಕೆವು. "ಅವ್ವ ಜರಡಿ ಹಿಡದ್ರ ಮಗಳಿಗೆ ಹತ್ತೈತಿ ನೋಡ್ರಿ!" ಅವಳೂ ನಕ್ಕು ಬೆಲ್ಲ ತಿಂದಳು. ದಿನಾ ಬೆಳಿಗ್ಗೆ ಜ್ವರದ ಗುಳಿಗೆ ನುಂಗಿ ಆ ಟೇಬಲ್ ದಾಟುತ್ತಿದ್ದಳೆಂದು ಗೊತ್ತಾದದ್ದು ಆಮೇಲೆ.

ಸಂತೆಯ ದಿನ ವಖಾರಿಗೆ ಸೂಟಿ, ಜರಡಿಯೂ ಇಲ್ಲ, ಘಾಟೂ ಇಲ್ಲ. ಗಾಳಿ ತಿಳಿಯಾಗಿತ್ತು. ಹಾಸ್ಟೆಲಿನ ನಲ್ಲಿಯ ಬಳಿ ಬಟ್ಟೆ ಒಗೆಯುತ್ತಿದ್ದ ನನಗೆ ಏನೋ ಬಿಕೋ ಎನ್ನಿಸಿತು. ಯಾರೂ ಕೆಮ್ಮುತ್ತಿರಲಿಲ್ಲ. ಮೇಲಿನ ಮಹಡಿಯಲ್ಲಿ, ನಮ್ಮ ಕೋಣೆಯಲ್ಲಿ, ಒಂದೇ ಒಂದು ಕೆಮ್ಮು. ಅದು ನಿಲ್ಲಲೇ ಇಲ್ಲ. ಒದ್ದೆ ಬಟ್ಟೆ ಅಲ್ಲೇ ಬಿಟ್ಟು ಮೆಟ್ಟಿಲು ಹತ್ತಿ ಓಡಿದೆ.

ಗೋಡೆಗೆ ಒರಗಿ ಕೂತಿದ್ದಳು. ತುಟಿ ನೇರಳೆಹಣ್ಣು ತಿಂದವರ ಹಾಗೆ ಕಪ್ಪಿಟ್ಟಿತ್ತು.

"ಹಾಲಿಗೆ... ಒಯ್ಯಬ್ಯಾಡ ಬೇ. ಸುದ್ದಿ ಆದ್ರ... ಅವ್ವನ್ನ ಕೆಲಸದಿಂದ ತಗೀತಾರ."

"ನಿಮ್ಮವ್ವಗ ಕೆಲಸ ಬೇಕೋ, ಮಗಳ ಬೇಕೋ? ಸುಮ್ಕಿರ!" ಎಂದು ಬೈದೆ. ವಾರ್ಡನ್ನರನ್ನು ಕರೆಯಲು ಓಡಿದೆ.

ವಾರ್ಡನ್ ಬಾಯಿಯವರು ಬಂದು ಒಮ್ಮೆ ನೋಡಿದರು. ಹಾಲಿನ ಹೆಸರೆತ್ತಲಿಲ್ಲ. ನರ್ಸನ್ನು ಕೋಣೆಗೇ ಕರೆಸಿದರು, ಹಿಂದಿನ ಗೇಟಿಗೆ ಗಾಡಿ ತರಿಸಿದರು. ದವಾಖಾನೆಯಲ್ಲಿ ಡಾಕ್ಟರು ವರದಿಗೆ ಕಾಯದೆ ಔಷಧ ಶುರು ಮಾಡಿ ಆಕ್ಸಿಜನ್ ಹಚ್ಚಿದರು. ವರದಿ ಬಂದಾಗ ಅದು ಹಂದಿಜ್ವರವೇ ಆಗಿತ್ತು. "ಇನ್ನೊಂಚೂರು ತಡಾ ಆಗಿದ್ರ ಕೈ ಬಿಟ್ಟು ಹೋಗ್ತಿದ್ಲು" ಎಂದರು ಡಾಕ್ಟರು. ಈಗಲೂ ಯಾವುದಾದರೂ ಮನೆ ಇದ್ದಕ್ಕಿದ್ದಂತೆ ಸುಮ್ಮನಾದರೆ ನಾನು ಎದ್ದು ಕೋಣೆ ಕೋಣೆ ನೋಡಿ ಬರುತ್ತೇನೆ. ಅವತ್ತು ಸಂತೆ ಇರದಿದ್ದರೆ? ಎಲ್ಲರ ಕೆಮ್ಮಿನಲ್ಲಿ ಅವಳದೂ ಸೇರಿ ಹೋಗುತ್ತಿತ್ತು.

ಬಾಯಿಯವರು ಮರುದಿನವೇ ಪ್ರಿನ್ಸಿಪಾಲರ ಮುಂದೆ ನಿಂತರು. ಮುಂಬಾಗಿಲ ಟೇಬಲ್ ಹೋಯಿತು. ಹಾಲಿಗೆ ಬೀಗ ಬಿತ್ತು. ಹಾಸ್ಟೆಲಿನ ಹಿಂದಿನ ಕೋಣೆಯಲ್ಲಿ, ಕಿಟಕಿಗಳನ್ನೆಲ್ಲ ತೆರೆದಿಟ್ಟು, ಒಬ್ಬೊಬ್ಬರನ್ನೇ ಕರೆದು ಕೇಳುವುದು. ಏಳಲಾರದವರ ಕೋಣೆಗೆ ನರ್ಸೇ ಹೋಗುವುದು. ಜೊತೆಗೆ ಸಂತೆಯ ದಿನ ಎಲ್ಲರಿಗೂ ತಪಾಸಣೆ. "ಅವತ್ತ ಘಾಟು ಅನ್ನೂ ನೆಪಾ ನಡ್ಯೂದಿಲ್ಲ, ತಿಳೀತಿಲ್ಲೊ?" ಎಂದು ನಮಗೆ ಹೇಳಿದರು. ವಖಾರಿಗೂ ತಾವೇ ಹೋಗಿ, ಆಳುಗಳನ್ನು ನೋಡಿಕೊಳ್ಳುವ ಮುಕಾದಮನ ಜೊತೆ ಮಾತಾಡಿದರು. ಅವ್ವನ ಜಾಗ ಉಳಿಯಿತು.

ಗೆಳತಿ ಹಿಂದಿರುಗಿದಾಗ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಮೊದಲ ಸಂತೆಯ ದಿನ ಅವಳು ಮಲಗಿ ಓದುತ್ತಿದ್ದಳು. ನಾನು ಅವಳ ಎದೆಯ ಏರಿಳಿತವನ್ನೇ ನೋಡುತ್ತಿದ್ದೆ.

"ಏನ ಬೇ, ಸತ್ತಾಳೋ ಇದ್ದಾಳೋ ಅಂತ ನೋಡಾಕತ್ತೀಯೇನ?"

"ಹೂಂ."

"ಇದ್ದೀನಿ ತೊಗೊ" ಎಂದು ಬೆಲ್ಲದ ಚೂರು ನನ್ನತ್ತ ಎಸೆದಳು. ಆಮೇಲೆ ಯಾರೂ ಕರೆಯುವ ಮೊದಲೇ ಎದ್ದು ಹಿಂದಿನ ಕೋಣೆಗೆ ನಡೆದಳು. ನಾನು ಬಾಗಿಲ ಹೊರಗೆ ನಿಂತೆ.

"ಕೆಮ್ಮು?" ನರ್ಸಿನ ದನಿ.

"ಇಲ್ರಿ ಅಕ್ಕಾರ."

ವಖಾರಿಗೆ ಸೂಟಿ ಇತ್ತು. ನಾನು ನಂಬಿದೆ.