ಲೊರೇನ್ ಕಲಿಸದೇ ಬಿಟ್ಟ ಪಾಠ

ಮೂವತ್ತಾರು ವರ್ಷ ತುಂಬುವವರೆಗೆ ಲೊರೇನ್ ಮೆಕಿಸಾಕ್ ಕಂಪ್ಯೂಟರನ್ನು ಮುಟ್ಟಿದವಳಲ್ಲ. ಕೆನಡಾದ ಕೇಪ್ ಬ್ರೆಟನ್ ದ್ವೀಪದ ಕಾರ್ಖಾನೆಯೊಂದರಲ್ಲಿ ಹದಿನೈದು ವರ್ಷ ಏಡಿ ಬಿಡಿಸಿದ ಕೈ ಅದು. ಕಾರ್ಖಾನೆಗೆ ಬೀಗ ಬಿದ್ದ ವರ್ಷ ಅದೇ ದ್ವೀಪದ ಸಿಡ್ನಿ ಪಟ್ಟಣದ ಕಾಲೇಜಿಗೆ ಸೇರಿ, ಹದಿನೆಂಟರ ಮಕ್ಕಳ ನಡುವೆ ಕೂತು ಎರಡು ವರ್ಷ ಓದಿದಳು. ಮೊದಲ ದಿನ ಒಬ್ಬ ಹುಡುಗ ಅವಳನ್ನು ಟೀಚರ್ ಅಂದುಕೊಂಡು ಶೌಚಾಲಯಕ್ಕೆ ಹೋಗಲು ಅಪ್ಪಣೆ ಕೇಳಿದ್ದನ್ನು ಈಗಲೂ ಹೇಳಿ ನಗುತ್ತಾಳೆ. ಆಮೇಲೆ ಬಂದರು ನಗರ ಹ್ಯಾಲಿಫ್ಯಾಕ್ಸಿಗೆ ಬಂದು, ದ್ವೀಪಗಳಿಗೆ ಹೋಗುವ ಹಡಗುಗಳ ಟಿಕೆಟ್ ನೋಡಿಕೊಳ್ಳುವ ಕಂಪನಿಯಲ್ಲಿ ಫೋನೆತ್ತುವ ಕೆಲಸಕ್ಕೆ ಸೇರಿದಳು. ಇಪ್ಪತ್ತೊಂದು ವರ್ಷ ಕಳೆಯುವ ಹೊತ್ತಿಗೆ ಅಲ್ಲಿನ ಕಂಪ್ಯೂಟರುಗಳೆಲ್ಲ ಅವಳ ಸುಪರ್ದಿಗೆ ಬಂದಿದ್ದವು.

ಹೊಸದಾಗಿ ಸೇರಿದವರನ್ನು ತಿದ್ದುವುದು ಅವಳ ಕೆಲಸದ ಪಟ್ಟಿಯಲ್ಲಿ ಇರಲಿಲ್ಲ. ಆದರೂ ಹನ್ನೊಂದು ಜನ ಅವಳ ಪಕ್ಕದ ಕುರ್ಚಿಯಲ್ಲಿ ಕೂತು ಕಲಿತು ಮುಂದೆ ಹೋಗಿದ್ದರು. ಹನ್ನೆರಡನೆಯವಳು ಒಡೆಟ್ ಕೊಮೊ. ಕ್ಲೇರ್ ತೀರದ ಫ್ರೆಂಚ್ ಮಾತಾಡುವ ಮನೆಯವಳು, ಇಪ್ಪತ್ಮೂರರ ಪ್ರಾಯ. ಇಂಗ್ಲಿಷಿನಲ್ಲಿ ತಪ್ಪಾದೀತೆಂದು ಮೀಟಿಂಗುಗಳಲ್ಲಿ ತುಟಿ ಬಿಚ್ಚುತ್ತಿರಲಿಲ್ಲ. ಯಾರು ಏನು ಹೇಳಿದರೂ "ಆಯ್ತು, ನಾನು ಮಾಡ್ತೀನಿ" ಅನ್ನುವುದೊಂದು ಅವಳಿಗೆ ಬಾಯಿಪಾಠ.

ಸೇರಿದ ವಾರವೇ ಲೊರೇನ್ ಅವಳ ಮುಂದೆ ಒಂದು ನೋಟುಬುಕ್ ಇಟ್ಟಳು.

"ಇದ್ಯಾಕೆ?"

"ಪ್ರತಿ ಶುಕ್ರವಾರ ಹತ್ತು ನಿಮಿಷ ಕೂತು, ಆ ವಾರ ಏನೇನ್ ಮಾಡ್ದೆ ಅಂತ ಬರಿ ಮಗಳೇ. ಬೇರೆಯವ್ರು ನೆನಪಿಟ್ಕೊಳ್ತಾರೆ ಅಂತ ಕಾಯ್ಬೇಡ, ಯಾರೂ ಇಟ್ಕೊಳಲ್ಲ. ಆಮೇಲೆ, ಎಲ್ಲಾದ್ರೂ ಸಿಕ್ಕಾಕೊಂಡ್ರೆ ಅರ್ಧ ಗಂಟೆ ಒದ್ದಾಡು, ಅದಾದ್ಮೇಲೆ ಬಾಯಿ ಬಿಟ್ಟು ಕೇಳು. ಮೂರು ದಿನ ಒಬ್ಳೇ ಒದ್ದಾಡಿದ್ರೆ ಯಾರೂ ನಿಂಗೆ ಹಾರ ಹಾಕಲ್ಲ."

ಒಡೆಟ್ ನೋಟುಬುಕ್ಕನ್ನು ತಪ್ಪದೇ ಬರೆದಳು. ಕೇಳುವುದನ್ನು ಮಾತ್ರ ಕಲಿಯಲಿಲ್ಲ. ರಾತ್ರಿ ಕಂಪ್ಯೂಟರುಗಳಲ್ಲಿ ಏನಾದರೂ ಕೆಟ್ಟರೆ ಕಿರುಚುವ ಫೋನೊಂದಿತ್ತು. ಅದನ್ನು ಸರದಿಯ ಮೇಲೆ ಮನೆಗೆ ಒಯ್ಯಬೇಕಿತ್ತು. ಇಬ್ಬರು ಕೆಲಸ ಬಿಟ್ಟು ಹೋದ ಮೇಲೆ ಆ ಸರದಿ ಮತ್ತೆ ಮತ್ತೆ ಅವಳ ತಲೆಗೇ ಬಂತು. ಮಧ್ಯಾಹ್ನದ ಊಟ ಕೀಬೋರ್ಡಿನ ಮೇಲೆಯೇ ಆಗತೊಡಗಿತು. ಕಣ್ಣ ಕೆಳಗೆ ಕಪ್ಪು ಕಟ್ಟಿತು. ಲೊರೇನ್ ಅದನ್ನು ನೋಡಿದಳು. ಈ ಕೆಲಸದಲ್ಲಿ ಇದೆಲ್ಲ ಇದ್ದದ್ದೇ ಅಂದುಕೊಂಡು ಸುಮ್ಮನಾದಳು.

ಬೇಸಿಗೆಯ ಟಿಕೆಟ್ ಮಾರಾಟ ಶುರುವಾಗುವ ಸೋಮವಾರ ಬಂತು. ಒಡೆಟ್ ಸತತವಾಗಿ ಹನ್ನೊಂದು ದಿನ ಕೆಲಸ ಮಾಡಿದ್ದಳು. ಬೆಳಗ್ಗೆ ಒಂಬತ್ತೂ ಮುಕ್ಕಾಲಿಗೆ, ಪರೀಕ್ಷೆಗೆಂದು ಇಟ್ಟುಕೊಂಡ ಟಿಕೆಟ್ ಪಟ್ಟಿಯ ನಕಲಿನಲ್ಲಿದ್ದ ಸುಳ್ಳು ಟಿಕೆಟ್‌ಗಳನ್ನು ಅಳಿಸಲು ಹೋದಳು. ಅಳಿಸಿಯೂ ಅಳಿಸಿದಳು. ಆದರೆ ತೆರೆದಿದ್ದು ನಕಲಲ್ಲ, ಅಸಲು. ಸಾವಿರದ ನಾನೂರು ಕುಟುಂಬಗಳ ಟಿಕೆಟ್ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯವಾಯಿತು. ಕೆಳಗಿನ ಮಹಡಿಯಲ್ಲಿ ಫೋನುಗಳು ಒಂದರ ಹಿಂದೊಂದು ಬಡಿದುಕೊಳ್ಳತೊಡಗಿದವು.

ಒಡೆಟ್ ಕೂಗಿ ಹೇಳಿದ್ದೇ ಲೊರೇನ್ ಹೊಸ ಟಿಕೆಟ್ ಮಾರಾಟ ನಿಲ್ಲಿಸಿ ಕೆಲಸಕ್ಕೆ ಕೂತಳು. ಕೆಲವೇ ನಿಮಿಷ ಮೊದಲು ತಾನಾಗಿ ಉಳಿಸಿಟ್ಟಿದ್ದ ಪ್ರತಿಯಿಂದ ಎಲ್ಲವನ್ನೂ ಹಿಂದಕ್ಕೆ ತರಲು ಎರಡು ಗಂಟೆ ಹಿಡಿಯಿತು. ಮುಗಿದ ಮೇಲೆ ತಿರುಗಿ ನೋಡಿದರೆ ಪಕ್ಕದ ಕುರ್ಚಿ ಖಾಲಿ.

ಒಡೆಟ್ ಮೆಟ್ಟಿಲ ಮೇಲೆ ಕೂತಿದ್ದಳು. ಕೈಯಲ್ಲಿ ರಾಜೀನಾಮೆ ಪತ್ರ.

"ಸಹಿ ಹಾಕಿದೀಯಾ?"

"ಇನ್ನೂ ಇಲ್ಲ. ಪೆನ್ ತರೋದ್ ಮರ್ತೆ."

"ನೋಡು, ಅದನ್ನೂ ನೆಟ್ಟಗೆ ಮಾಡ್ಲಿಲ್ಲ. ಏಳು, ಕೋಟ್ ಹಾಕ್ಕೋ."

ಇಬ್ಬರೂ ಬಂದರಿನ ಉದ್ದಕ್ಕೂ ಹಾಸಿದ ಹಲಗೆಗಳ ಮೇಲೆ ನಡೆದರು. ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಲೊರೇನ್ ಜೇಬಿನಿಂದ ಓಟ್‌ಕೇಕ್ ತೆಗೆದು ಅರ್ಧ ಮುರಿದು ಕೊಟ್ಟಳು. ಹಿಂದಿನ ರಾತ್ರಿಯಿಂದ ಹೊಟ್ಟೆಗೆ ಏನೂ ಬಿದ್ದಿಲ್ಲವೆಂದು ಆ ಹುಡುಗಿ ತಿಂದ ರೀತಿಯಲ್ಲೇ ಗೊತ್ತಾಯಿತು.

"ನಾನು ಈ ಕೆಲ್ಸಕ್ಕೆ ಲಾಯಕ್ಕಿಲ್ಲ ಲೊರೇನ್."

"ಲಾಯಕ್ಕಿಲ್ದವ್ರು ತಪ್ಪನ್ನ ಮುಚ್ಚಿಡ್ತಾರೆ. ನೀನು ಅರ್ಧ ನಿಮಿಷದಲ್ಲಿ ಕೂಗಿ ಹೇಳ್ದೆ, ಅದಕ್ಕೇ ಎಲ್ಲ ವಾಪಸ್ ಸಿಕ್ತು. ನಾನೂ ಒಂದ್ಸಲ ಕ್ರಿಸ್‌ಮಸ್ ಹಿಂದಿನ ದಿನ ಇಡೀ ಕಂಪನಿ ಇಮೇಲ್ ನಿಲ್ಸಿದ್ದೆ ಕಣೇ. ನಮ್ಮ ಬಾಸ್ ಗ್ರೇಡನ್ ಇನ್ನೂ ಹಂಗಿಸ್ತಾನೆ." ಸ್ವಲ್ಪ ದೂರ ನಡೆದು ಮತ್ತೆ ಹೇಳಿದಳು: "ಬುಧವಾರ ಮೀಟಿಂಗಲ್ಲಿ ಏನಾಯ್ತು, ಇನ್ಮುಂದೆ ಆಗ್ದೇ ಇರೋಕೆ ಏನ್ ಮಾಡ್ಬೇಕು, ಇಷ್ಟೇ ಹೇಳು. ಸುಸ್ತು, ನಿದ್ದೆ, ಆ ಮಾತೆಲ್ಲ ಎತ್ಬೇಡ. ಕೈಲಾಗಲ್ಲ ಅಂದ್ಕೊಂಡ್ಬಿಡ್ತಾರೆ."

ತನ್ನ ಮಾತು ಸರಿಯೆಂದೇ ಲೊರೇನ್ ನಂಬಿದ್ದಳು. ಅವಳು ಉಳಿದು ಬೆಳೆದದ್ದು ಹಾಗೆಯೇ. ಬಲಗೈ ಮಣಿಕಟ್ಟು ಆರು ವರ್ಷದಿಂದ ನೋಯುತ್ತಿತ್ತು. ಗಂಡ ಹೆಕ್ಟರನಿಗೂ ಪೂರ್ತಿ ಹೇಳಿರಲಿಲ್ಲ.

ಬುಧವಾರದ ಮೀಟಿಂಗಿಗೆ ಹದಿನಾಲ್ಕು ಜನ ಸೇರಿದ್ದರು. ಮೇಜಿನ ತುದಿಯಲ್ಲಿ ವಿಭಾಗದ ಮುಖ್ಯಸ್ಥ ಗ್ರೇಡನ್ ಜಿಂಕ್. ಒಡೆಟ್ ಎದ್ದು ನಿಂತಳು. ಏನು ಮಾಡಿದೆ, ಹೇಗಾಯಿತು, ಅಸಲಿಗೂ ನಕಲಿಗೂ ಪರದೆಯ ಬಣ್ಣ ಬೇರೆ ಇರಬೇಕು, ಅಳಿಸುವ ಮುನ್ನ ಇನ್ನೊಬ್ಬರ ಒಪ್ಪಿಗೆ ಬೇಕು. ಲೊರೇನ್ ಹೇಳಿಕೊಟ್ಟಷ್ಟೂ ಚೊಕ್ಕವಾಗಿ ಬಂತು. ಇನ್ನೇನು ಕೂರುತ್ತಾಳೆ ಅನ್ನುವಾಗ ನೋಟುಬುಕ್ ತೆರೆದಳು.

"ಇನ್ನೊಂದು ಮಾತಿದೆ. ನನ್ನ ಇಂಗ್ಲಿಷ್ ನಿಧಾನ, ಸ್ವಲ್ಪ ತಾಳ್ಕೊಳಿ." ಬರೆದಿಟ್ಟ ಎಣಿಕೆಯ ಮೇಲೆ ಬೆರಳಿಟ್ಟಳು. "ಮೂರು ತಿಂಗಳಲ್ಲಿ ಆ ಫೋನ್ ನನ್ನನ್ನ ನಲವತ್ತೊಂದು ಸಲ ಎಬ್ಬಿಸ್ತು. ಶುಕ್ರವಾರ ಶುಕ್ರವಾರ ಬರ್ದಿಟ್ಟಿದೀನಿ. ಅದ್ರಲ್ಲಿ ಮೂವತ್ಮೂರು ಸಲ ಮಾಡೋಕೆ ಏನೂ ಇರ್ಲಿಲ್ಲ, ಸುಳ್ಳು ಕೂಗು. ಸೋಮವಾರ ಬೆಳಗ್ಗೆ ನಾನು ನಿದ್ದೆಗೆಟ್ಟಿದ್ದೆ. ತಪ್ಪು ನಂದೇ. ಆದ್ರೆ ಇಲ್ಲಿ ಎಲ್ಲರೂ ನಿದ್ದೆಗೆಟ್ಟಿದಾರೆ, ಯಾರೂ ಹೇಳ್ತಿಲ್ಲ. ನಾಳೆ ಇನ್ನೊಬ್ರ ಕೈಯಲ್ಲಿ ಇದೇ ಆಗತ್ತೆ."

ಗ್ರೇಡನ್ ಹುಡುಗಿಯನ್ನು ಬಿಟ್ಟು ಲೊರೇನ್ ಕಡೆ ತಿರುಗಿದ.

"ಲೊರೇನ್, ಇದು ನಿಜಾನಾ? ನೀವು ಯಾವತ್ತೂ ಹೇಳಿದ್ದಿಲ್ವಲ್ಲ."

ಹೊಸಬಳು, ಗಾಬರಿಯಲ್ಲಿ ಏನೋ ಹೇಳುತ್ತಿದ್ದಾಳೆ ಎಂದು ಮಾತು ಹಾರಿಸಿದ್ದರೆ ಅಲ್ಲಿಗೆ ಎಲ್ಲ ತಣ್ಣಗಾಗುತ್ತಿತ್ತು. ಲೊರೇನಿಗೆ ಕಿವಿ ಬಿಸಿಯಾಯಿತು. ನಾಚಿಕೆಯೂ ಆಯಿತು, ಎದೆಯೂ ಉಬ್ಬಿತು. ಯಾವುದು ಮೊದಲೋ ಅವಳಿಗೇ ತಿಳಿಯಲಿಲ್ಲ.

"ನಿಜ," ಅಂದಳು. "ಇಪ್ಪತ್ತೊಂದು ವರ್ಷದಿಂದ ನಿಜ. ಹೇಳ್ದೇ ಇದ್ದಿದ್ದು ನನ್ನ ತಪ್ಪು. ಇವ್ಳಿಗೂ ಹೇಳ್ಬೇಡ ಅಂದಿದ್ದೆ. ಪುಣ್ಯಕ್ಕೆ ಕೇಳ್ಲಿಲ್ಲ."

ಅದಾದ ಮೇಲೆ ಮೇಜಿನ ಸುತ್ತ ಇದ್ದವರು ಒಬ್ಬೊಬ್ಬರಾಗಿ ತಮ್ಮ ತಮ್ಮ ಎಣಿಕೆ ಹೇಳತೊಡಗಿದರು. ಗ್ರೇಡನ್ ಕೆಟ್ಟವನಲ್ಲ, ಅವನ ತನಕ ಮಾತು ಬಂದಿರಲಿಲ್ಲ ಅಷ್ಟೇ. ಸುಳ್ಳು ಕೂಗುಗಳನ್ನು ಒಂದೊಂದಾಗಿ ಹುಡುಕಿ ನಿಲ್ಲಿಸುವ ಕೆಲಸವನ್ನು ಒಡೆಟ್‌ಗೇ ಒಪ್ಪಿಸಿದ. ಅವಳು ಒಪ್ಪುವ ಮೊದಲು, "ಮಾಡ್ತೀನಿ, ಆದ್ರೆ ಈಗ ಕೈಯಲ್ಲಿರೋ ಎರಡು ಕೆಲ್ಸ ಬೇರೆಯವ್ರು ತಗೋಬೇಕು" ಅಂದಳು. ಬಾಯಿಪಾಠ ತಪ್ಪಿದ್ದು ಕೇಳಿ ಲೊರೇನ್ ಕೆಮ್ಮಿದಂತೆ ಮಾಡಿ ನಗು ಮುಚ್ಚಿಕೊಂಡಳು.

ಶರತ್ಕಾಲದ ಹೊತ್ತಿಗೆ ಫೋನು ತಿಂಗಳಿಗೆ ಎರಡು ಸಲ ಕೂಗಿದರೆ ಹೆಚ್ಚು. ಸರದಿ ಐದು ಜನರಿಗೆ ಹಂಚಿಹೋಯಿತು. ರಾತ್ರಿ ಎದ್ದವರಿಗೆ ಮರುದಿನ ರಜೆ. ಮುಂದಿನ ಬೇಸಿಗೆಯ ಟಿಕೆಟ್ ದಿನ ಮಧ್ಯಾಹ್ನ ಎಲ್ಲರೂ ಮೇಜು ಬಿಟ್ಟು ಹೋಗಿ ಮೀನಿನ ಸೂಪು ಕುಡಿದು ಬಂದರು. ಲೊರೇನ್ ಕೊನೆಗೂ ಡಾಕ್ಟರ ಮುಂದೆ ಮಣಿಕಟ್ಟು ಚಾಚಿದಳು. "ಇಷ್ಟು ದಿನ ಏನು ಮಾಡ್ತಿದ್ರಿ?" ಎಂದು ಚೆನ್ನಾಗಿ ಬೈಸಿಕೊಂಡು, ಮೂರು ವಾರ ರಜೆ ಹಾಕಿದಳು.

ಆ ರಜೆಯಲ್ಲಿ ಅವಳು ಕೇಪ್ ಬ್ರೆಟನ್ನಿನ ತನ್ನ ಊರಿನಲ್ಲಿದ್ದಾಗಲೇ ಸಿಡ್ನಿಯ ಕಾಲೇಜಿನವರು ಕೊನೆಯ ವರ್ಷದ ಮಕ್ಕಳಿಗೆ ನಾಲ್ಕು ಮಾತು ಹೇಳಲು ಒಡೆಟ್‌ಳನ್ನು ಕರೆದಿದ್ದರು. ಲೊರೇನ್ ಹೆಕ್ಟರನನ್ನು ಹೊರಡಿಸಿಕೊಂಡು ಹೋಗಿ ಹಿಂದಿನ ಸಾಲಿನಲ್ಲಿ ಕೂತಳು. ಒಡೆಟ್ ಕಾಗದ ನೋಡದೆ ಮಾತಾಡಿದಳು. ಅವಸರವಿಲ್ಲ, ಅಂಜಿಕೆಯಿಲ್ಲ, ಕ್ಲೇರಿನ ರಾಗ ಹಾಗೇ ಇತ್ತು.

"ನಂಗೆ ಕಲಿಸಿದವ್ರು ಹಿಂದೆ ಕೂತಿದಾರೆ," ಅಂದಳು. "ಅವ್ರು ಹೇಳಿದ್ರಲ್ಲಿ ಎಲ್ಲ ಕೇಳಿ, ಒಂದು ಬಿಟ್ಟು. ನೋವನ್ನ ನುಂಗ್ಕೊಂಡು ಕೆಲ್ಸ ಮಾಡು ಅಂದ್ರು. ಅದೊಂದು ಮಾತ್ರ ಶುದ್ಧ ತಪ್ಪು. ಅವ್ರಿಗೂ ಈಗ ಗೊತ್ತಾಗಿದೆ, ಕೈಗೆ ಪಟ್ಟಿ ಹಾಕ್ಕೊಂಡ್ ಬಂದಿದಾರೆ ನೋಡಿ."

ನೂರು ತಲೆಗಳು ಒಟ್ಟಿಗೆ ಹಿಂದಕ್ಕೆ ತಿರುಗಿದವು. ಲೊರೇನ್ ಪಟ್ಟಿ ಕಟ್ಟಿದ ಕೈಯನ್ನು ಮೇಲೆತ್ತಿ ಬೀಸಿದಳು.

ಕಾರಿನಲ್ಲಿ ಹೆಕ್ಟರ್ ಓರೆಗಣ್ಣಿನಿಂದ ನೋಡಿದ. "ಏನೇ ಇದು, ಆಗಿನಿಂದ ಒಬ್ಳೇ ನಗ್ತಿದೀಯ?"

"ನೂರು ಜನರ ಮುಂದೆ ನನ್ನ ತಪ್ಪು ತೋರಿಸಿದ್ಳು ಕಣೋ," ಅಂದಳು ಲೊರೇನ್. "ಎಷ್ಟು ಚೆನ್ನಾಗಿ ತೋರಿಸಿದ್ಳು, ನೋಡಿದ್ಯಾ?"