ಆರು ತಿಂಗಳು ಸ್ಟೇರಿಂಗ್ ಮುಟ್ಟಬಾರದು

ಮೊದಲು ಕುಣಿದದ್ದು ಬಲಗೈ ಹೆಬ್ಬೆರಳು. ದುಬೈ ಸಿಲಿಕಾನ್ ಓಯಸಿಸ್‌ನ ನಮ್ಮ ಫ್ಲ್ಯಾಟಿನ ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದೆ. ಬೆರಳು ತನ್ನಷ್ಟಕ್ಕೆ ಎಗರತೊಡಗಿತು. ಇದೆಂಥ ಕಥೆ ಎಂದು ನೋಡುತ್ತಾ ನಿಂತೆ. ಆಮೇಲಿನದು ನನಗೆ ಗೊತ್ತಿಲ್ಲ. ಕಣ್ಣು ಬಿಟ್ಟಾಗ ನೆಲದ ಮೇಲಿದ್ದೆ. ನಾಲಗೆ ಕಚ್ಚಿಕೊಂಡು ಬಾಯೆಲ್ಲ ರಕ್ತ. ಹೆಂಡತಿ ಸುಚೇತಾ ನನ್ನನ್ನು ಮಗ್ಗುಲಿಗೆ ಹೊರಳಿಸಿ ಹಿಡಿದಿದ್ದಳು. ಹನ್ನೊಂದು ವರ್ಷದ ಮಗಳು ಧೃತಿ ಬಾಗಿಲಲ್ಲಿ ನಿಂತಿದ್ದಳು.

ಫಿಟ್ಸ್. ನಲವತ್ತಮೂರನೇ ವಯಸ್ಸಿಗೆ.

ಆಸ್ಪತ್ರೆಯಲ್ಲಿ ಎಂಆರ್‌ಐ ಆಯಿತು, ಇಇಜಿ ಆಯಿತು. ಮೆದುಳಿನಲ್ಲಿ ಎಲ್ಲೋ ಒಂದು ಹಳೆಯ ಸಣ್ಣ ಕಲೆ ಇದೆಯಂತೆ. ಯಾವಾಗ ಬಂತು, ಯಾಕೆ ಬಂತು, ಯಾರಿಗೂ ಗೊತ್ತಿಲ್ಲ. ಸುಚೇತಾ ಇನ್ಶೂರೆನ್ಸ್ ಅಪ್ರೂವಲ್‌ಗೆಂದು ಕೌಂಟರಿಗೆ ಹೋಗಿದ್ದಳು. ಆಗಲೇ ಮಲಯಾಳಿ ನ್ಯೂರಾಲಜಿಸ್ಟ್ ಹೇಳಿದರು, "ಟ್ಯಾಬ್ಲೆಟ್ ತಪ್ಪಿಸಬೇಡಿ. ಡ್ರೈವಿಂಗ್ ಖಲಾಸ್. ಸಿಕ್ಸ್ ಮಂತ್ಸ್."

ಸುಚೇತಾ ವಾಪಸು ಬಂದು, "ಎಂತ ಹೇಳಿದ್ರು?" ಎಂದಳು.

"ಎರಡು ವಾರ ಡ್ರೈವ್ ಮಾಡ್ಲಿಕ್ಕಿಲ್ಲ ಅಂತೆ."

ಗೊತ್ತಿದ್ದೇ ಹೇಳಿದ ಸುಳ್ಳು. ಈ ಊರನ್ನು ಬಲ್ಲವರಿಗೆ ನನ್ನ ಸಂಕಟ ಸ್ವಲ್ಪವಾದರೂ ಅರ್ಥವಾದೀತು. ಇಲ್ಲಿ ದೂರವನ್ನು ಯಾರೂ ಕಿಲೋಮೀಟರಿನಲ್ಲಿ ಹೇಳುವುದಿಲ್ಲ, ಟ್ರಾಫಿಕ್ ಇಲ್ಲದಿದ್ದರೆ ಅರ್ಧ ಗಂಟೆ ಎನ್ನುತ್ತಾರೆ. ನಮ್ಮ ಬಾಲ್ಕನಿಯಲ್ಲಿ ನಿಂತರೆ ಎದುರಿನ ಸೂಪರ್‌ಮಾರ್ಕೆಟ್ಟಿನ ಬೋರ್ಡು ಓದಬಹುದು, ಆದರೆ ನಡುವಿನ ಹೆದ್ದಾರಿ ದಾಟಿ ಅಲ್ಲಿಗೆ ನಡೆದು ಹೋಗಲು ದಾರಿಯೇ ಇಲ್ಲ. ನಾನು ಸೂಪರ್‌ವೈಸರ್ ಆಗಿರುವ ಗೋದಾಮು ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನಲ್ಲಿ, ಊರಿನ ಇನ್ನೊಂದು ತುದಿಯಲ್ಲಿ. ಮಗಳ ಶಾಲೆ ನಡುದಾರಿಯಲ್ಲಿ. ಹದಿನಾಲ್ಕು ವರ್ಷದಿಂದ ಈ ಊರನ್ನು ನಾನು ಕಾರಿನ ಗಾಜಿನ ಮೂಲಕವೇ ನೋಡಿದ್ದು. ಕಾರಿಲ್ಲದಿದ್ದರೆ ನಾನಿಲ್ಲಿ ಯಾರೂ ಅಲ್ಲ ಎಂದು ಹೆದರಿದೆ. ನಾಚಿಕೆಯೂ ಆಯಿತು.

ಎರಡು ವಾರ ಮನೆಯಲ್ಲಿ ಚಡಪಡಿಸಿದೆ. ಹಾಲ್‌ನಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಹಾಲ್‌ಗೆ. ಮಾತ್ರೆಯಿಂದ ಮೈ ಭಾರ, ಮಾತೆತ್ತಿದರೆ ಸಿಟ್ಟು. ಸಾರಿಗೆ ಉಪ್ಪು ಕಮ್ಮಿಯೆಂದು ಜಗಳ, ಫ್ಯಾನು ಸದ್ದು ಮಾಡುತ್ತದೆಂದು ಜಗಳ. ಹದಿನೈದನೇ ದಿನ ಕೀ ಕೈಗೆತ್ತಿಕೊಂಡೆ.

"ತಲೆ ಸರಿ ಉಂಟಲ್ವಾ ಈಗ?" ಸುಚೇತಾ ಕೇಳಿದಳು.

"ಮದುವೆಗೆ ಮೊದಲು ಎಷ್ಟು ಸರಿ ಇತ್ತೋ ಅಷ್ಟೇ."

ಅವಳು ನಕ್ಕಳು. ನನ್ನನ್ನು ನಂಬಿದಳು.

ಆವತ್ತಿನಿಂದ ಧೃತಿ ಮುಂದಿನ ಸೀಟಿಗೆ ಬಂದಳು. ದೊಡ್ಡವಳಾಗುತ್ತಿದ್ದಾಳೆ ಎಂದುಕೊಂಡೆ.

ಒಂಬತ್ತನೇ ಬೆಳಿಗ್ಗೆ, ನೂರರ ವೇಗದಲ್ಲಿ, ಎರಡು ಟ್ರೇಲರ್‌ಗಳ ನಡುವೆ, ಹೆಬ್ಬೆರಳು ಮತ್ತೆ ಎಗರಿತು.

"ಪಪ್ಪಾ, ಯುವರ್ ಹ್ಯಾಂಡ್. ಸ್ಟಾಪ್. ಸೈಡಿಗೆ ತಗೊಳ್ಳಿ."

ಹೇಗೋ ರಸ್ತೆಯ ಅಂಚಿಗೆ ಬಂದು ನಿಲ್ಲಿಸಿದೆ. ಹಜಾರ್ಡ್ ಲೈಟು ಹಾಕಿದವಳು ಅವಳೇ. ಬೆರಳು ಅಷ್ಟಕ್ಕೇ ನಿಂತಿತು, ಪ್ರಜ್ಞೆ ತಪ್ಪಲಿಲ್ಲ. ತಿರುಗಿ ನೋಡಿದರೆ ಮಗಳ ಕೈಯಲ್ಲಿ ಫೋನು. ಪರದೆಯ ಮೇಲೆ ಆಂಬುಲೆನ್ಸಿನ ನಂಬರು.

"ಇಷ್ಟು ಬೇಗ ಯಾವಾಗ ಒತ್ತಿದಿ?"

"ಎವ್ರಿ ಡೇ ಒತ್ತಿಡ್ತೇನೆ. ನಮ್ಮ ಪಾರ್ಕಿಂಗಿನಿಂದ ಸ್ಕೂಲ್ ತನಕ. ನಿಮ್ಮ ಕೈ ಕಾಣ್ಬೇಕು ಅಂತಲೇ ಮುಂದೆ ಕೂತದ್ದು."

ಸ್ಟೇರಿಂಗಿಗೆ ಹಣೆ ಒತ್ತಿ ಅತ್ತುಬಿಟ್ಟೆ. ಅಲ್ಲಿಂದಲೇ ಸುಚೇತಾಗೆ ಫೋನು ಮಾಡಿ ನಿಜ ಹೇಳಿದೆ. ಅವಳು ಟ್ಯಾಕ್ಸಿಯಲ್ಲಿ ಬಂದಳು. ಬೈಯಬಹುದು ಎಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು.

"ನನಗೆ ಸುಳ್ಳು ಹೇಳಿದ್ದು ಹೋಗ್ಲಿ," ಎಂದಳು. "ಮಗುವನ್ನು ಕೂರಿಸ್ಕೊಂಡು ಹೋದ್ರಲ್ಲ ನೀವು. ಅದನ್ನು ಮರೀಲಿಕ್ಕೆ ನನಗೆ ಆಗುದಿಲ್ಲ."

ಇನ್ನೂ ಮರೆತಿಲ್ಲ. ನಾನೂ ಮರೆತಿಲ್ಲ.

ಆರು ತಿಂಗಳ ಎಣಿಕೆ ಆ ದಿನದಿಂದ ಹೊಸದಾಗಿ ಶುರುವಾಯಿತು. ಈಗ ಐದು ತಿಂಗಳಾಗಿದೆ. ಮಾತ್ರೆಯ ಡೋಸ್ ಏರಿದೆ, ಬೆರಳು ಸುಮ್ಮನಿದೆ. ಇನ್ನು ಬರುವುದೇ ಇಲ್ಲ ಎಂದು ಡಾಕ್ಟರು ಮಾತು ಕೊಡುವುದಿಲ್ಲ. ಒಂದು ಬಸ್ಸು, ಮೆಟ್ರೋ, ಮತ್ತೊಂದು ಬಸ್ಸು, ಕೆಲಸಕ್ಕೆ ತಲುಪಲು ಎರಡು ಗಂಟೆ. ಸ್ಟಾಪಿನಿಂದ ಗೋದಾಮಿಗೆ ನಡೆಯುವಷ್ಟರಲ್ಲಿ ಅಂಗಿ ಹಿಂಡಬಹುದು. ಪಕ್ಕದಲ್ಲಿ ಸುಂಯ್ ಎಂದು ಹೋಗುವ ಪ್ರತಿ ಕಾರಿನ ಮೇಲೂ ನನಗೆ ಹೊಟ್ಟೆಕಿಚ್ಚು.

ಸುಚೇತಾ ಡ್ರೈವಿಂಗ್ ಕ್ಲಾಸಿಗೆ ಸೇರಿ, ಎರಡನೇ ಟೆಸ್ಟಿಗೇ ಪಾಸಾದಳು. ನನಗೆ ಐದು ಬೇಕಾಗಿತ್ತು. ಕಳೆದ ವಾರ ಮೊದಲ ಸಲ ಅವಳು ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೊರಟಳು. ಕೊನೆಯ ಲೇನಿನಲ್ಲಿ, ಲಾರಿಗಳ ಹಿಂದೆ, ಎಪ್ಪತ್ತು ದಾಟದೆ. ಹಿಂದಿನಿಂದ ಹಾರ್ನಿನ ಮೇಲೆ ಹಾರ್ನು. ಪಕ್ಕದಲ್ಲಿ ಕೂತ ನನ್ನ ಕಾಲು ಇಲ್ಲದ ಆಕ್ಸಿಲರೇಟರನ್ನು ಒತ್ತುತ್ತಲೇ ಇತ್ತು. ಪಕ್ಕದ ಲೇನಿಗೆ ಹೋಗು ಮಾರಾಯ್ತಿ ಎನ್ನಲು ಬಾಯಿ ತೆರೆದವನು, ಮಗಳು ಏನು ಮಾಡುತ್ತಿದ್ದಾಳೆಂದು ಹಿಂದೆ ತಿರುಗಿದೆ.

ಧೃತಿ ಕಾಲು ಚಾಚಿ, ಬಾಯಿ ತೆರೆದು, ಗಾಢ ನಿದ್ದೆಯಲ್ಲಿದ್ದಳು.

"ಎಂತ? ಸ್ಪೀಡ್ ಕಮ್ಮಿ ಆಯ್ತಾ?" ಸುಚೇತಾ ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದಳು.

"ಇಲ್ಲ," ಎಂದೆ. "ಹೀಗೇ ಹೋಗು. ಅವಸರ ಇಲ್ಲ."